ಹಿಂದೆ ನಿಂತು ಕಾಯುವವನು



ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಎಲ್ಲಿಯೇ ಇರಲಿ, ಭಾನುವಾರ ಬೆಳಿಗ್ಗೆ ಮಕ್ಕಳ ಫುಟ್‌ಬಾಲ್ ತರಬೇತಿ ನಡೆಯುವ ಕಡೆ ಒಂದು ಗಳಿಗೆ ನಿಂತು ನೋಡಿ. ಒಳಗೆ ಮಕ್ಕಳು ಆಡುತ್ತಿರುತ್ತಾರೆ, ಹೊರಗೆ ಬೇಲಿಯ ಬಳಿ ತಂದೆತಾಯಿಯರು ಆಡಿಸುತ್ತಿರುತ್ತಾರೆ! ತರಬೇತಿ ಮುಗಿದ ಕೂಡಲೇ ಯಾರಾದರೊಬ್ಬರು ಕೋಚ್ ಬಳಿ ಹೋಗಿ ಕೇಳುವ ಪ್ರಶ್ನೆಯೊಂದಿದೆ: "ಸರ್, ನಮ್ಮ ಹುಡುಗನನ್ನು ಯಾಕೆ ಯಾವಾಗಲೂ ಹಿಂದೆಯೇ ನಿಲ್ಲಿಸುತ್ತೀರಿ?"

ಈ ಪ್ರಶ್ನೆಯಲ್ಲಿ ತಂದೆಯ ಪ್ರೀತಿಯಿದೆ, ಜೊತೆಗೆ ಸ್ವಲ್ಪ ಅವಮಾನದ ನೋವೂ ಇದೆ. ಮುಂದೆ ಓಡಿ ಗೋಲು ಹೊಡೆಯುವ ಹುಡುಗ ಜಾಣ, ಹಿಂದೆ ನಿಂತವನು ದಡ್ಡ ಅಥವಾ ದಪ್ಪ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮನೆಗೆ ಹೋದ ಮೇಲೆ ಅಜ್ಜಿಯೂ ಕೇಳುವುದು ಅದನ್ನೇ: "ಇವತ್ತು ಎಷ್ಟು ಗೋಲು ಹೊಡೆದೆ, ಮಗಾ?" ಹುಡುಗ ತಲೆತಗ್ಗಿಸುತ್ತಾನೆ. ಅವನು ಅಂದು ನಾಲ್ಕು ಗೋಲುಗಳನ್ನು ತಡೆದಿರಬಹುದು. ಆದರೆ ಅದನ್ನು ಕೇಳುವವರಿಲ್ಲ, ಆದ್ದರಿಂದ ಅವನೂ ಹೇಳುವುದಿಲ್ಲ.

ಈ ವಾರ ನಮ್ಮ ಪಾಠಕ್ಕಾಗಿ ಇಂತಹ ಒಬ್ಬ "ಹಿಂದೆ ನಿಂತ" ಆಟಗಾರನ ವೃತ್ತಿಜೀವನವನ್ನು ತೆಗೆದುಕೊಳ್ಳೋಣ. ಅವರು ಸ್ಪೇನ್ ದೇಶದವರು. ಆದರೆ ಅವರ ದುಡಿಮೆಯ ದೊಡ್ಡ ಪಾಲು ನಡೆದದ್ದು ನಮ್ಮದೇ ಊರಿನಲ್ಲಿ, ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ. ಅವರ ಪೂರ್ಣ ಹೆಸರು ಹುವಾನ್ ಆಂಟೋನಿಯೊ ಗೊನ್ಜಾಲೆಜ್ ಫರ್ನಾಂಡೆಜ್. ಆಟದ ಲೋಕದಲ್ಲಿ ಎಲ್ಲರೂ ಕರೆಯುವುದು ಹುವಾನಾನ್ ಎಂದು.

ಡಿಫೆಂಡರ್ ಮಾಡುವ ಕೆಲಸವೇನು?

ಮೊದಲು ಆ ಕೆಲಸವನ್ನು ಅರಿಯೋಣ. ಫುಟ್‌ಬಾಲ್ ತಂಡದಲ್ಲಿ 11 ಜನ. ಗೋಲಿನ ಕಂಬಗಳ ನಡುವೆ ಗೋಲ್‌ಕೀಪರ್ ಒಬ್ಬ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಇಷ್ಟು ದೊಡ್ಡ ಬಾಗಿಲನ್ನು ಒಬ್ಬನೇ ಕಾಯುವುದು ಅಸಾಧ್ಯ. ಆದ್ದರಿಂದ ಅವನ ಮುಂದೆ ಮೂವರೋ ನಾಲ್ವರೋ ಡಿಫೆಂಡರ್‌ಗಳು ನಿಲ್ಲುತ್ತಾರೆ. ಅವರಲ್ಲಿ ನಟ್ಟನಡುವೆ ನಿಲ್ಲುವವನನ್ನು ನಮ್ಮ ದಂಡು ಪ್ರದೇಶದ ಹಳೆಯ ಆಟಗಾರರು "ಸ್ಟಾಪರ್" ಎನ್ನುತ್ತಿದ್ದರು. ಹುವಾನಾನ್ ಆಡಿದ್ದು ಇದೇ ಜಾಗದಲ್ಲಿ.

ಸ್ಟಾಪರ್‌ನ ಕೆಲಸ ಎದುರಾಳಿಯನ್ನು ಗುದ್ದಿ ಬೀಳಿಸುವುದಲ್ಲ. ತನ್ನ ಗೋಲಿನ ಮುಂದಿರುವ ಪೆನಾಲ್ಟಿ ಚೌಕದೊಳಗೆ ಎದುರಾಳಿಯನ್ನು ತಪ್ಪಾಗಿ ಬೀಳಿಸಿದರೆ ಪೆನಾಲ್ಟಿ ಸಿಗುತ್ತದೆ. ಅದು 11 ಮೀಟರ್ ದೂರದಿಂದ ಗೋಲ್‌ಕೀಪರ್ ಒಬ್ಬನ ಎದುರಿಗೆ ಹೊಡೆಯುವ ಒದೆತ. ಹಾಗಾಗಿ ಒಳ್ಳೆಯ ಡಿಫೆಂಡರ್ ಕಾಲಿಗಿಂತ ಮೊದಲು ಕಣ್ಣನ್ನು ಬಳಸುತ್ತಾನೆ. ಚೆಂಡು ಎಲ್ಲಿಗೆ ಬರಬಹುದು, ಯಾವ ಎದುರಾಳಿ ಯಾರ ಕಣ್ಣು ತಪ್ಪಿಸಿ ನುಗ್ಗುತ್ತಿದ್ದಾನೆ ಎಂಬುದನ್ನು ಮುಂಚೆಯೇ ಊಹಿಸಿ ಅಲ್ಲಿ ಹೋಗಿ ನಿಂತಿರುತ್ತಾನೆ. ಅವನು ಸರಿಯಾದ ಜಾಗದಲ್ಲಿ ನಿಂತಿದ್ದರೆ ಎದುರಾಳಿ ಆ ಕಡೆ ಚೆಂಡನ್ನೇ ಕಳಿಸುವುದಿಲ್ಲ. ಆಗ ನೋಡುವವರ ಕಣ್ಣಿಗೆ ಏನೂ ನಡೆದಂತೆ ಕಾಣುವುದಿಲ್ಲ!

ಇನ್ನೊಂದು ವಿಷಯ ಆಫ್‌ಸೈಡ್ ನಿಯಮ. ಎದುರಾಳಿ ತಂಡದವನು ಚೆಂಡನ್ನು ಮುಂದಕ್ಕೆ ಕೊಡುವ ಕ್ಷಣದಲ್ಲಿ, ಅದನ್ನು ಪಡೆಯಬೇಕಾದ ಜೊತೆಗಾರ ನಮ್ಮ ಅರ್ಧದಲ್ಲಿ ಚೆಂಡನ್ನೂ ದಾಟಿ, ನಮ್ಮ ಕೊನೆಯಿಂದ ಎರಡನೆಯ ಆಟಗಾರನನ್ನೂ ದಾಟಿ ನಿಂತಿರಬಾರದು. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್. ಆದ್ದರಿಂದ ಡಿಫೆಂಡರ್‌ಗಳು ನಿಂತ ಸಾಲೇ ಗಡಿಯಾಗುತ್ತದೆ. ನಾಲ್ವರೂ ಒಟ್ಟಾಗಿ ಎರಡು ಹೆಜ್ಜೆ ಮುಂದೆ ಬಂದರೆ ಎದುರಾಳಿ ಬಲೆಗೆ ಬೀಳುತ್ತಾನೆ. ನಾಲ್ವರಲ್ಲಿ ಒಬ್ಬ ಮಾತ್ರ ಹಿಂದೆ ಉಳಿದರೆ ಸಾಲೇ ವ್ಯರ್ಥ. ಅದಕ್ಕಾಗಿ ಸ್ಟಾಪರ್ 90 ನಿಮಿಷವೂ ಕೂಗುತ್ತಿರಬೇಕು: "ಮುಂದೆ ಬಾ, ಬಲಕ್ಕೆ ಸರಿ, ಹಿಂದೆ ಒಬ್ಬನಿದ್ದಾನೆ ನೋಡು." ಮುಂದೆ ಆಡುವವನ ಬೆನ್ನ ಹಿಂದಿನದು ಅವನಿಗೆ ಕಾಣದು. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ. ಕಂಡದ್ದನ್ನು ಹೇಳುವುದು ಅವನ ಹೊಣೆ.

ಮನೆಯಲ್ಲಿ ತಾಯಿ ಮಾಡುವ ಕೆಲಸ ಇದೇ ಅಲ್ಲವೇ? ಗ್ಯಾಸ್ ಮುಗಿಯುವ ಮೊದಲೇ ಬುಕ್ ಮಾಡಿರುತ್ತಾಳೆ, ಮಗುವಿನ ಜ್ವರವನ್ನು ಹಣೆ ಮುಟ್ಟುವ ಮೊದಲೇ ಗುರುತಿಸಿರುತ್ತಾಳೆ. ಆಗಬೇಕಾದದ್ದು ಆಗಿಬಿಟ್ಟರೆ ಯಾರೂ ಗಮನಿಸುವುದಿಲ್ಲ. ಒಂದು ದಿನ ತಪ್ಪಿದರೆ ಮಾತ್ರ ಮನೆಮಂದಿಗೆಲ್ಲ ಕಾಣುತ್ತದೆ.

ದೊಡ್ಡ ಹೆಸರಿನ ಎರಡನೆಯ ತಂಡ

ಹುವಾನಾನ್ ಹುಟ್ಟಿದ್ದು 1987ರಲ್ಲಿ. ಯುವಕರಾಗಿದ್ದಾಗ ಅವರು ಆಡಿದ್ದು ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಎರಡನೆಯ ತಂಡದಲ್ಲಿ. ಆ ತಂಡದ ಹೆಸರು ಕಾಸ್ಟಿಲ್ಲಾ. ಸ್ಪೇನ್‌ನಲ್ಲಿ ದೊಡ್ಡ ಕ್ಲಬ್ಬುಗಳು ಹೀಗೆ ಎರಡನೆಯ ತಂಡವನ್ನು ಕಟ್ಟಿ, ಅದನ್ನು ಕೆಳಗಿನ ಲೀಗ್‌ಗಳಲ್ಲಿ ಆಡಿಸುತ್ತವೆ. ಮೊದಲ ತಂಡ ಇರುವ ಲೀಗ್‌ಗೆ ಎರಡನೆಯ ತಂಡ ಏರುವಂತಿಲ್ಲ ಎಂಬ ನಿಯಮವೂ ಇದೆ. ಕಾಸ್ಟಿಲ್ಲಾ ಸಾಮಾನ್ಯ ತಂಡವಲ್ಲ. 1980ರಲ್ಲಿ ಅದು ಸ್ಪೇನ್‌ನ ರಾಜರ ಕಪ್ಪಿನ ಫೈನಲ್ ತಲುಪಿತ್ತು. ಆ ಫೈನಲ್‌ನಲ್ಲಿ ಎದುರಾದದ್ದು ತನ್ನದೇ ಮೊದಲ ತಂಡ!

ಅಲ್ಲಿ ಸೇರುವ ಪ್ರತಿಯೊಬ್ಬ ಹುಡುಗನ ಕನಸು ಒಂದೇ: ಮೊದಲ ತಂಡದ ಬಿಳಿ ಅಂಗಿ. ಆದರೆ ಆ ಬಾಗಿಲು ಬಹಳ ಕಿರಿದು. ಪ್ರಪಂಚದ ಯಾವ ಮೂಲೆಯಿಂದಲಾದರೂ ಹಣಕೊಟ್ಟು ಆಟಗಾರರನ್ನು ತರಬಲ್ಲ ಕ್ಲಬ್ ಅದು. ಎರಡನೆಯ ತಂಡದ ಹುಡುಗರಲ್ಲಿ ಕೆಲವರಷ್ಟೇ ಮೇಲೇರುತ್ತಾರೆ, ಉಳಿದವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರು ಹುಡುಕಬೇಕು. ಹುವಾನಾನ್ ಹೀಗೆ ಹೊರಟವರಲ್ಲಿ ಒಬ್ಬರು. ಅವರು ಜರ್ಮನಿಗೆ ಹೋಗಿ ಫೋರ್ಟುನಾ ಡುಸೆಲ್‌ಡಾರ್ಫ್ ಕ್ಲಬ್ಬಿಗೆ ಆಡಿದರು.

ಪ್ರಿಯ ಯುವಜನರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಬಯಸಿದ ಕಾಲೇಜಿನಲ್ಲಿ ಸೀಟು ಸಿಗದೆ, ಬಯಸಿದ ಕಂಪನಿಯ ಸಂದರ್ಶನದಲ್ಲಿ ಆಯ್ಕೆಯಾಗದೆ ಬಾಗಿಲು ಮುಚ್ಚಿಕೊಂಡು ಕುಳಿತವರು ನಿಮ್ಮಲ್ಲಿಯೂ ಇರಬಹುದು. ಮೊದಲ ತಂಡದಲ್ಲಿ ಜಾಗ ಸಿಗಲಿಲ್ಲವೆಂದರೆ ಕಲಿತ ಆಟ ಕೈಬಿಟ್ಟು ಹೋಗುವುದಿಲ್ಲ. ಕಾಸ್ಟಿಲ್ಲಾದಲ್ಲಿ ಕಲಿತದ್ದನ್ನು ಹುವಾನಾನ್ ಜರ್ಮನಿಗೆ ಕೊಂಡೊಯ್ದರು, ಮುಂದೆ ಬೆಂಗಳೂರಿಗೂ ತಂದರು.

ಕಂಠೀರವದಲ್ಲಿ ಹೊಸ ಬಾಳು

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದ ಭಾರತ ತಂಡದಲ್ಲಿ ಅಹಮದ್ ಖಾನ್, ಎಸ್. ರಾಮನ್ ಅವರಂತಹ ನಮ್ಮ ಊರಿನ ಆಟಗಾರರಿದ್ದರು. ಅಂದು ಭಾರತದ ಏಕೈಕ ಗೋಲು ಹೊಡೆದವರು ರಾಮನ್. ಆಸ್ಟಿನ್ ಟೌನ್, ಹಲಸೂರು, ಗೌತಮಪುರದ ಗಲ್ಲಿಗಳು ಎಷ್ಟೋ ಆಟಗಾರರನ್ನು ಕೊಟ್ಟಿವೆ. ದಕ್ಷಿಣದ ನಮ್ಮ ಬಡಾವಣೆಗಳು ಮಾತ್ರ ಬಹುಕಾಲ ಕ್ರಿಕೆಟ್ಟಿನ ಊರುಗಳಾಗಿಯೇ ಉಳಿದವು.

2013ರಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ ಆರಂಭವಾಯಿತು. ಮೊದಲ ಋತುವಿನಲ್ಲಿಯೇ, ಅಂದರೆ 2013-14ರಲ್ಲಿ, ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2017ರ ಜೂನ್‌ನಲ್ಲಿ ಮೆಟ್ರೋ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂದ ಮೇಲೆ ಬನಶಂಕರಿ, ಜಯನಗರದ ಹುಡುಗರಿಗೂ ಕಂಠೀರವ ಹತ್ತಿರವಾಯಿತು. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಆಯಿತು. ನೀಲಿ ಅಂಗಿ ತೊಟ್ಟ ಹುಡುಗರು ಆ ದಾರಿ ಹಿಡಿದರು.

2016ರಲ್ಲಿ ಸ್ಪೇನ್‌ನ ಆಲ್ಬರ್ಟ್ ರೊಕಾ ತಂಡದ ತರಬೇತುದಾರರಾಗಿ ಬಂದರು. ಹಿಂದೆ ಬಾರ್ಸಿಲೋನಾ ಕ್ಲಬ್ಬಿನಲ್ಲಿ ಫ್ರಾಂಕ್ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದವರು ಅವರು. ಅದೇ ವರ್ಷ ಹುವಾನಾನ್ ಕೂಡ ಬಂದರು. ಆಗ ಅವರಿಗೆ 29 ವರ್ಷ. ಫುಟ್‌ಬಾಲ್ ಆಟಗಾರನ ಜೀವನದಲ್ಲಿ 29 ಎಂದರೆ ಸಂಬಳದ ಕೆಲಸದಲ್ಲಿ ಐವತ್ತು ದಾಟಿದಂತೆ. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ಅಂತಹ ವಯಸ್ಸಿನಲ್ಲಿ ಯುರೋಪ್ ಬಿಟ್ಟು ಭಾರತಕ್ಕೆ ಬರುವುದು ಸಣ್ಣ ತೀರ್ಮಾನವಲ್ಲ.

ಬಂದ ಕೆಲವೇ ವಾರಗಳಲ್ಲಿ ದೊಡ್ಡ ಪರೀಕ್ಷೆ ಎದುರಾಯಿತು. ಏಷ್ಯಾ ಖಂಡದ ಕ್ಲಬ್ಬುಗಳ ಸ್ಪರ್ಧೆಯಾದ ಎಎಫ್‌ಸಿ ಕಪ್ಪಿನ ಸೆಮಿಫೈನಲ್‌ನಲ್ಲಿ ಎದುರಾಳಿ, ಹಿಂದಿನ ವರ್ಷದ ವಿಜೇತರಾದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಅವರ ನೆಲದಲ್ಲಿ ಪಂದ್ಯ 1-1ರಲ್ಲಿ ಸಮವಾಗಿತ್ತು. 2016ರ ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೆಯ ಪಂದ್ಯ. ಮೊದಲ ಗೋಲು ಮಲೇಷ್ಯಾದವರದು. ನಂತರ ನಾಯಕ ಸುನಿಲ್ ಚೆಟ್ರಿ ಎರಡು ಗೋಲು ಹೊಡೆದರು. ಮೂರನೆಯದನ್ನು ಹೊಡೆದು ಗೆಲುವನ್ನು ಭದ್ರಪಡಿಸಿದವರು ಕಾಯುವ ಕೆಲಸದ ಹುವಾನಾನ್! ಪಂದ್ಯ 3-1. ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎಂಬ ಹೆಸರು ನಮ್ಮ ಊರಿಗೆ ಬಂತು. ನವೆಂಬರ್ 5ರಂದು ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆ ಕ್ಲಬ್ 1-0ರಿಂದ ಗೆದ್ದಿತು. ಆ ಒಂದು ಗೋಲು ಬಂದದ್ದು 70ನೆಯ ನಿಮಿಷದಲ್ಲಿ. 69 ನಿಮಿಷ ಕಾದದ್ದನ್ನು ಫಲಿತಾಂಶದ ಹಲಗೆ ಹೇಳುವುದಿಲ್ಲ.

ಸೋಲಿನ ಫೈನಲ್, ಗೆಲುವಿನ ಫೈನಲ್

ನಮ್ಮ ಪಾಠದ ಮುಖ್ಯ ಭಾಗ ಇದು. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್ ತಂಡವನ್ನು 2-0ರಿಂದ ಮಣಿಸಿ ಬೆಂಗಳೂರು ಫೆಡರೇಷನ್ ಕಪ್ ಗೆದ್ದಿತು. ಅದೇ ವರ್ಷ ಇಂಡಿಯನ್ ಸೂಪರ್ ಲೀಗ್ ಸೇರಿತು. ಮೊದಲ ಋತುವಿನಲ್ಲಿಯೇ 40 ಅಂಕ ಪಡೆದು ಲೀಗ್ ಪಟ್ಟಿಯ ಮೇಲ್ತುದಿಯಲ್ಲಿ ನಿಂತಿತು. 2018ರ ಮಾರ್ಚ್ 17ರಂದು ಫೈನಲ್, ಅದೂ ತವರು ಕಂಠೀರವದಲ್ಲಿ. ಎದುರಾಳಿ ಚೆನ್ನೈಯಿನ್ ಎಫ್‌ಸಿ. ಒಂಬತ್ತನೆಯ ನಿಮಿಷದಲ್ಲಿಯೇ ಚೆಟ್ರಿ ಗೋಲು ಹೊಡೆದರು. ಕ್ರೀಡಾಂಗಣವೆಲ್ಲ ಗೆದ್ದೆವೆಂದು ಕುಣಿಯಿತು.

ಆದರೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಮೊದಲರ್ಧದಲ್ಲಿಯೇ ಎರಡು ಬಾರಿ ಕಾರ್ನರ್ ಒದೆತಕ್ಕೆ ತಲೆಕೊಟ್ಟು ಎರಡು ಗೋಲು ಹೊಡೆದರು. ಆಲ್ವೆಸ್ ಕೂಡ ಒಬ್ಬ ಡಿಫೆಂಡರ್ ಎಂಬುದನ್ನು ಗಮನಿಸಿ. ಕೊನೆಗೆ ಫಲಿತಾಂಶ 3-2. ಇಡೀ ಋತುವಿನ ದುಡಿಮೆ ಸ್ವಂತ ಅಂಗಳದಲ್ಲಿಯೇ ಕೈತಪ್ಪಿತು. ಮುಂದಿನ ಸಾಲಿನವನು ಹತ್ತು ಅವಕಾಶ ಕಳೆದುಕೊಂಡು ಒಂದು ಗೋಲು ಹೊಡೆದರೂ ವೀರ. ಹಿಂದಿನ ಸಾಲಿನವರು ಹತ್ತು ತಡೆದು ಎರಡು ಬಿಟ್ಟರೆ ಆ ಎರಡೇ ಜನರ ಬಾಯಲ್ಲಿ. ಈ ಅನ್ಯಾಯವನ್ನು ಸಹಿಸುವುದೂ ಆ ಕೆಲಸದ ಭಾಗ.

ಹಾಗಾದರೆ ಸೋತವರು ಏನು ಮಾಡಿದರು? ಒಂದು ತಿಂಗಳ ನಂತರ, ಏಪ್ರಿಲ್ 20ರಂದು, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದರು. ಅಲ್ಲಿಯೂ ಹಿಂದೆ ಬಿದ್ದಿದ್ದ ತಂಡಕ್ಕೆ ಮೊದಲ ಗೋಲು ತಂದವರು ಡಿಫೆಂಡರ್ ರಾಹುಲ್ ಭೇಕೆ. ನಂತರ ರೊಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ತರಬೇತುದಾರರಾದರು. ಸ್ಪೇನ್‌ನ ಮತ್ತೊಬ್ಬ ಡಿಫೆಂಡರ್ ಆಲ್ಬರ್ಟ್ ಸೆರಾನ್ ಬಂದು ಸೇರಿದರು. ಹುವಾನಾನ್ ರಕ್ಷಣೆಯ ಕಂಬವಾಗಿ ಉಳಿದರು.

ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಮತ್ತೊಂದು ಫೈನಲ್. ಎದುರಾಳಿ ಎಫ್‌ಸಿ ಗೋವಾ. ಆ ತಂಡದಲ್ಲಿದ್ದ ಸ್ಪೇನ್‌ನ ಫೆರ್ರಾನ್ ಕೊರೊಮಿನಾಸ್ ಆ ಋತುವಿನಲ್ಲಿ 16 ಗೋಲು ಹೊಡೆದು ಲೀಗ್‌ನಲ್ಲಿಯೇ ಮೊದಲಿಗರಾಗಿದ್ದವರು. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ 30 ನಿಮಿಷ ಶುರುವಾಯಿತು. ಅದರ ಕೊನೆಯ ನಿಮಿಷಗಳಲ್ಲಿ ದಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟರು. ಗೋಲು! ಬೆಂಗಳೂರು 1-0ರಿಂದ ಗೆದ್ದು ಮೊದಲ ಬಾರಿಗೆ ಸೂಪರ್ ಲೀಗ್ ಕಿರೀಟ ಧರಿಸಿತು.

ಹಿಂದಿನ ವರ್ಷ ಯಾವ ರೀತಿಯ ಒದೆತದಿಂದ ಸೋತರೋ, ಈ ವರ್ಷ ಅದೇ ರೀತಿಯ ಒದೆತದಿಂದ ಗೆದ್ದರು. ಎಲ್ಲರ ನೆನಪಿನಲ್ಲಿ ಉಳಿದದ್ದು ಭೇಕೆ ಅವರ ಗೋಲು, ಅದು ನ್ಯಾಯವೇ. ಆದರೆ ಆ ಗೋಲಿಗೆ ಬೆಲೆ ಬಂದದ್ದು ಹೇಗೆ? 16 ಗೋಲು ಹೊಡೆದಿದ್ದವರಿಗೆ 120 ನಿಮಿಷದಲ್ಲಿ ಒಂದನ್ನೂ ಬಿಟ್ಟುಕೊಡದ ಕಾರಣ. ಫಲಿತಾಂಶದಲ್ಲಿ "1" ಎಷ್ಟು ಮುಖ್ಯವೋ "0" ಅಷ್ಟೇ ಮುಖ್ಯ. ಆ ಸೊನ್ನೆಯೇ ಡಿಫೆಂಡರ್‌ಗಳ ಸಹಿ.

ಮತ್ತೆ ಗಂಟುಮೂಟೆ

2021ರಲ್ಲಿ ಹುವಾನಾನ್ ಬೆಂಗಳೂರು ಬಿಟ್ಟು ಹೈದರಾಬಾದ್ ಎಫ್‌ಸಿ ಸೇರಿದರು. ಆಗಲೇ ಅವರಿಗೆ 34 ವರ್ಷ. ಆ ಋತುವಿನಿಂದಲೇ ಸೂಪರ್ ಲೀಗ್‌ನಲ್ಲಿ ಏಕಕಾಲಕ್ಕೆ ಮೈದಾನದಲ್ಲಿ ಇರಬಹುದಾದ ವಿದೇಶಿ ಆಟಗಾರರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಲಾಗಿತ್ತು. ಭಾರತದ ಹುಡುಗರಿಗೆ ಅವಕಾಶ ಹೆಚ್ಚಲೆಂದು ತಂದ ಒಳ್ಳೆಯ ನಿಯಮವಿದು. ಆದರೆ ವಯಸ್ಸಾದ ವಿದೇಶಿ ಡಿಫೆಂಡರ್‌ಗೆ ಜಾಗ ಇನ್ನಷ್ಟು ಕಿರಿದಾಯಿತು. ಜೊತೆಗೆ ಕೊರೊನಾ ಕಾರಣ ಇಡೀ ಲೀಗ್ ಗೋವಾದಲ್ಲಿಯೇ ನಡೆಯಿತು. ಆಟಗಾರರು ತಿಂಗಳುಗಟ್ಟಲೆ ಹೋಟೆಲ್ ಮತ್ತು ಮೈದಾನದ ನಡುವೆಯೇ ಬದುಕಬೇಕಾಯಿತು.

ಆ ವರ್ಷ ಹೈದರಾಬಾದ್ ತಂಡದ ಗೋಲುಗಳಿಗೆ ಹೆಸರಾದವರು 18 ಗೋಲು ಹೊಡೆದ ಬಾರ್ತಲೋಮ್ಯು ಒಗ್ಬೆಚೆ. 2022ರ ಮಾರ್ಚ್ 20ರಂದು ಮಡಗಾಂವ್‌ನ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ 1-1 ಸಮವಾಗಿ, ಪೆನಾಲ್ಟಿಗಳಲ್ಲಿ ಹೈದರಾಬಾದ್ 3-1ರಿಂದ ಗೆದ್ದಿತು. ಅಂದಿನ ವೀರ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ. ಹೀಗೆ ಎರಡು ಬೇರೆ ಬೇರೆ ಊರುಗಳ ತಂಡದಲ್ಲಿದ್ದು ಹುವಾನಾನ್ ಎರಡು ಬಾರಿ ಸೂಪರ್ ಲೀಗ್ ವಿಜೇತರಾದರು. ಎರಡು ಬಾರಿಯೂ ಪತ್ರಿಕೆಗಳ ತಲೆಬರಹದಲ್ಲಿ ಬಂದದ್ದು ಬೇರೆಯವರ ಹೆಸರು.

ತಂದೆತಾಯಿಯರಿಗೆ ಮೂರು ಮಾತು

ಮೊದಲನೆಯದು, ಮಗುವಿನ ಜಾಗವನ್ನು ಕೀಳಾಗಿ ಕಾಣಬೇಡಿ. ಹತ್ತು ಹನ್ನೆರಡು ವಯಸ್ಸಿನಲ್ಲಿ ಯಾವ ಜಾಗವೂ ಶಾಶ್ವತವಲ್ಲ. ಎಲ್ಲ ಜಾಗಗಳಲ್ಲಿಯೂ ಆಡಿಸಿ ನೋಡುವ ಕೋಚ್ ಒಳ್ಳೆಯ ಕೋಚ್. ಮಗುವನ್ನು ಹಿಂದೆ ನಿಲ್ಲಿಸಿದ್ದರೆ "ಅವನಲ್ಲಿ ನೀವು ಏನು ಕಂಡಿರಿ?" ಎಂದು ಕೇಳಿ. ಉತ್ತರ ನಿಮಗೆ ಹೆಮ್ಮೆ ತರಬಹುದು.

ಎರಡನೆಯದು ಎಚ್ಚರಿಕೆಯ ಮಾತು. "ನಿಮ್ಮ ಮಗನನ್ನು ಸ್ಪೇನ್‌ನ ಕ್ಲಬ್ಬಿಗೆ ಸೇರಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ" ಎಂದು ಯಾರಾದರೂ ಬಂದರೆ ಈ ನಿಯಮವನ್ನು ನೆನಪಿಡಿ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ, 18 ವರ್ಷ ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗಾಯಿಸುವುದನ್ನು ನಿಷೇಧಿಸಿದೆ. ಫುಟ್‌ಬಾಲಿಗೆ ಸಂಬಂಧವಿಲ್ಲದ ಕಾರಣಕ್ಕೆ ತಂದೆತಾಯಿಯೇ ಆ ದೇಶಕ್ಕೆ ಹೋಗಿ ನೆಲೆಸುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ಈ ನಿಯಮ ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾ ಕ್ಲಬ್ಬಿಗೂ, 2016ರಲ್ಲಿ ರಿಯಲ್ ಮ್ಯಾಡ್ರಿಡ್ ಮತ್ತು ಅಟ್ಲೆಟಿಕೊ ಮ್ಯಾಡ್ರಿಡ್ ಕ್ಲಬ್ಬುಗಳಿಗೂ ಫಿಫಾ ಶಿಕ್ಷೆ ವಿಧಿಸಿತು. ಅಷ್ಟು ದೊಡ್ಡ ಕ್ಲಬ್ಬುಗಳಿಗೇ ಬಿಡದ ನಿಯಮವನ್ನು ನಿಮ್ಮ ಮನೆ ಬಾಗಿಲಿಗೆ ಬಂದ ದಲ್ಲಾಳಿ ದಾಟಿಸಬಲ್ಲನೇ? ಒಡವೆ ಅಡವಿಡುವ ಮೊದಲು, ಸೈಟು ಮಾರುವ ಮೊದಲು ಎರಡು ಬಾರಿ ಯೋಚಿಸಿ. ತರಬೇತಿ ಶಿಬಿರಕ್ಕೆ ಕರೆದೊಯ್ಯುವುದು ಬೇರೆ, ಕ್ಲಬ್ಬಿನಲ್ಲಿ ನೋಂದಾಯಿಸುವುದು ಬೇರೆ.

ಮೂರನೆಯದು, ಓದನ್ನು ಬಿಡಿಸಬೇಡಿ. ಹುವಾನಾನ್ 34ರಲ್ಲಿಯೂ ಆಡುತ್ತಿದ್ದರೆಂದರೆ ಅದು ದೊಡ್ಡ ಮಾತು. ಎಷ್ಟೋ ಜನರ ಆಟ ಒಂದು ಮೊಣಕಾಲಿನ ಪೆಟ್ಟಿಗೆ ಇಪ್ಪತ್ತೆರಡರಲ್ಲಿಯೇ ಮುಗಿಯುತ್ತದೆ. ಉಳಿದ ನಲವತ್ತು ವರ್ಷಗಳ ದುಡಿಮೆಗೆ ಬೇರೊಂದು ವಿದ್ಯೆ ಬೇಕು. ಎಸ್.ಎಸ್.ಎಲ್.ಸಿ., ಪಿ.ಯು.ಸಿ.ಗಳನ್ನು ಮುಗಿಸಿಯೂ ಆಡಬಹುದು. ಆಟ ಮತ್ತು ಓದು ಎರಡೂ ಬೇಕೆಂದು ಹಟ ಹಿಡಿಯುವ ಮನೆ ಮಗುವಿಗೆ ಹಿಂದಿನ ಸಾಲಿನ ರಕ್ಷಣೆಯಿದ್ದಂತೆ.

ಮನೆಯಲ್ಲಿ ಕೂಡಿ ಮಾತನಾಡಲು

ಈ ವಾರ ರಾತ್ರಿಯ ಊಟವಾದ ಮೇಲೆ ಟಿ.ವಿ. ಆರಿಸಿ, ಮೊಬೈಲ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಈ ಪ್ರಶ್ನೆಗಳನ್ನು ಮಾತನಾಡಿ. ಮಕ್ಕಳಿಗೆ ಮೊದಲು ಮಾತನಾಡಲು ಬಿಡಿ.

1. ನಮ್ಮ ಮನೆಯಲ್ಲಿ ಯಾರ ಕೆಲಸ ಸರಿಯಾಗಿ ನಡೆದಾಗ ಕಾಣುವುದೇ ಇಲ್ಲ, ತಪ್ಪಿದಾಗ ಮಾತ್ರ ಕಾಣುತ್ತದೆ? ಅವರಿಗೆ ನಾವು ಕೊನೆಯ ಬಾರಿ ಧನ್ಯವಾದ ಹೇಳಿದ್ದು ಯಾವಾಗ?

2. ಬಯಸಿದ "ಮೊದಲ ತಂಡ"ದಲ್ಲಿ ಜಾಗ ಸಿಗದ ಅನುಭವ ಮನೆಯಲ್ಲಿ ಯಾರಿಗೆ ಆಗಿದೆ? ಆಮೇಲೆ ಅವರು ಏನು ಮಾಡಿದರು? ಹಿರಿಯರು ತಮ್ಮ ಅನುಭವವನ್ನು ಮಕ್ಕಳಿಗೆ ಹೇಳಲಿ.

3. ಒಬ್ಬರ ತಪ್ಪಿನಿಂದ ಮನೆಗೆ ನಷ್ಟವಾದಾಗ ನಾವು ಆ ಒಂದು ತಪ್ಪನ್ನೇ ಎತ್ತಿ ಆಡುತ್ತೇವೆಯೇ, ಅಥವಾ ಮುಂದಿನ ಪಂದ್ಯಕ್ಕೆ ಒಟ್ಟಾಗಿ ಸಿದ್ಧರಾಗುತ್ತೇವೆಯೇ?

4. ಹಿಂದೆ ನಿಂತವನಿಗೆ ಅಪಾಯ ಮೊದಲು ಕಾಣುತ್ತದೆ. ನಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಹೇಳುವ ಎಚ್ಚರಿಕೆಯ ಮಾತಿಗೆ ನಾವು ಕಿವಿಗೊಡುತ್ತೇವೆಯೇ?

ಮುಂದಿನ ಭಾನುವಾರ ಪೂಜೆ ಮುಗಿಸಿ ಮಗುವನ್ನು ಮೈದಾನಕ್ಕೆ ಕರೆದೊಯ್ದಾಗ ಆಟ ಮುಗಿದ ಮೇಲೆ "ಎಷ್ಟು ಗೋಲು ಹೊಡೆದೆ?" ಎಂದು ಕೇಳುವ ಬದಲು "ಎಷ್ಟು ತಡೆದೆ?" ಎಂದು ಕೇಳಿ ನೋಡಿ. ಮನೆ ತಲುಪುವವರೆಗೂ ಅವನು ಹೇಳುತ್ತಲೇ ಇರುತ್ತಾನೆ.